ಅರವತ್ತು ನಿಮಿಷದ ಬೀಗ

ಒಳಗೆ ಹೋಗುವುದು ಸುಲಭ, ಹೊರಗೆ ಬರುವುದು ಕಷ್ಟ. ಹೀಗೆಂದ ಕೂಡಲೇ ಚಕ್ರವ್ಯೂಹವೂ ಅದರೊಳಗೆ ನುಗ್ಗಿದ ಅಭಿಮನ್ಯುವೂ ನೆನಪಾಗುವುದು ಸಹಜ. ಹೊಗುವ ಉಪಾಯ ಬಲ್ಲ ಹುಡುಗನಿಗೆ ಹೊರಡುವ ಉಪಾಯ ತಿಳಿದಿರಲಿಲ್ಲ. ಬೆನ್ನ ಹಿಂದೆಯೇ ಬರಬೇಕಾಗಿದ್ದ ದೊಡ್ಡಪ್ಪ, ಚಿಕ್ಕಪ್ಪಂದಿರನ್ನು ಸೈಂಧವ ಬಾಗಿಲಲ್ಲೇ ತಡೆದ. ಹುಡುಗ ಒಂಟಿಯಾದ.

ಈಗ ಊರೂರಿನ ಮಕ್ಕಳೂ ದೊಡ್ಡವರೂ ದುಡ್ಡು ಕೊಟ್ಟು ಇಂಥದೇ ಒಂದು ವ್ಯೂಹದೊಳಗೆ ಹೋಗಿ ಬರುತ್ತಿದ್ದಾರೆ. ಅದರ ಹೆಸರು ‘ಎಸ್ಕೇಪ್ ರೂಮ್’. ಕನ್ನಡದಲ್ಲಿ ‘ಪಾರಾಗುವ ಕೋಣೆ’ ಎನ್ನಬಹುದು. ನಾಲ್ಕೈದು ಜನರ ಒಂದು ತಂಡವನ್ನು ಒಂದು ಕೋಣೆಯೊಳಗೆ ಬಿಟ್ಟು ಬಾಗಿಲು ಮುಚ್ಚುತ್ತಾರೆ. ಗೋಡೆಯ ಮೇಲಿನ ಗಡಿಯಾರ ಅರವತ್ತರಿಂದ ಹಿಂದಕ್ಕೆ ಎಣಿಸತೊಡಗುತ್ತದೆ. ಕೋಣೆಯಲ್ಲಿ ಅಡಗಿಸಿಟ್ಟ ಸುಳಿವುಗಳನ್ನು ಹುಡುಕಿ, ಒಗಟುಗಳನ್ನು ಬಿಡಿಸಿ, ಒಂದೊಂದೇ ಬೀಗ ತೆಗೆಯುತ್ತಾ ಹೋಗಬೇಕು. ಕೊನೆಯ ಬೀಗ ತೆರೆದಾಗ ಗಡಿಯಾರದಲ್ಲಿ ಇನ್ನೂ ಸಮಯ ಉಳಿದಿದ್ದರೆ ಗೆಲುವು. ಇಲ್ಲವಾದರೆ ಆಟ ನಡೆಸುವವರೇ ಬಂದು ಬಾಗಿಲು ತೆಗೆಯುತ್ತಾರೆ, ಅಷ್ಟೆ.

ಮೇಲ್ನೋಟಕ್ಕೆ ಇದು ಜಾಣರ ಆಟ ಎನಿಸುತ್ತದೆ. ಹಾಗೆಂದುಕೊಂಡೇ ಎಷ್ಟೋ ಮಂದಿ ತರಗತಿಯ ಮೊದಲ ರ್‍ಯಾಂಕಿನವರನ್ನು ತಂಡಕ್ಕೆ ಸೇರಿಸಿಕೊಂಡು ಹೋಗುತ್ತಾರೆ, ಸೋತು ಬರುತ್ತಾರೆ. ಕಾರಣ ಸರಳ. ಅಭಿಮನ್ಯುವಿನ ಹಾಗೆ ಒಬ್ಬರೇ ನುಗ್ಗಿದರೆ ಈ ವ್ಯೂಹ ಒಡೆಯುವುದಿಲ್ಲ. ಕಂಡದ್ದನ್ನು ಕಂಡ ಕೂಡಲೇ ಉಳಿದವರಿಗೆ ಹೇಳುವವರಿಗೂ, ಹೇಳಿದ್ದನ್ನು ಕಿವಿಗೊಟ್ಟು ಕೇಳುವವರಿಗೂ ಮಾತ್ರ ಇದು ಒಲಿಯುತ್ತದೆ.

ಕಂಪ್ಯೂಟರಿನಿಂದ ಕೋಣೆಗೆ

ಈ ಆಟ ಹುಟ್ಟಿದ್ದು ಜಪಾನಿನಲ್ಲಿ. ಅದಕ್ಕೂ ಮೊದಲು ಅದು ಕಂಪ್ಯೂಟರ್ ಪರದೆಯ ಮೇಲಿತ್ತು. 2004ರಲ್ಲಿ ತೊಶಿಮಿತ್ಸು ತಕಾಗಿ ಎಂಬ ಜಪಾನೀ ವಿನ್ಯಾಸಕಾರ ‘ಕ್ರಿಮ್ಸನ್ ರೂಮ್’ ಎಂಬ ಪುಟ್ಟ ಆಟವೊಂದನ್ನು ಅಂತರಜಾಲದಲ್ಲಿ ಹರಿಯಬಿಟ್ಟ. ಕೆಂಪು ಬಣ್ಣದ ಒಂದು ಕೋಣೆ, ಒಳಗೆ ಸಿಕ್ಕಿಬಿದ್ದ ಆಟಗಾರ, ಕೈಯಲ್ಲಿ ಒಂದು ಮೌಸ್. ಮಂಚದ ಕೆಳಗೆ, ಪರದೆಯ ಹಿಂದೆ, ಡ್ರಾಯರಿನ ಒಳಗೆ ಒತ್ತಿ ಒತ್ತಿ ವಸ್ತುಗಳನ್ನು ಹುಡುಕಿ ಹೊರಬರಬೇಕು. ಆಟ ಜಗತ್ತಿನಾದ್ಯಂತ ಹಬ್ಬಿತು. ಆದರೆ ಅದನ್ನು ಆಡುವವರು ಒಬ್ಬೊಬ್ಬರೇ ಕುಳಿತು ಆಡುತ್ತಿದ್ದರು.

ಕ್ಯೋಟೊ ನಗರದಲ್ಲಿ ‘ಸ್ಕ್ರ್ಯಾಪ್’ ಎಂಬ ಉಚಿತ ಪತ್ರಿಕೆ ಹೊರಡಿಸುತ್ತಿದ್ದ ತಕಾವೊ ಕಾಟೊ ಎಂಬಾತ ಇದನ್ನು ಪರದೆಯಿಂದ ಹೊರತಂದ. ನಿಜವಾದ ಕೋಣೆ, ನಿಜವಾದ ಮೇಜು ಕುರ್ಚಿ, ಒಬ್ಬರ ಬದಲು ಒಂದು ತಂಡ. 2007ರಲ್ಲಿ ಆತ ನಡೆಸಿದ ಆ ಮೊದಲ ಆಟಕ್ಕೆ ‘ರಿಯಲ್ ಎಸ್ಕೇಪ್ ಗೇಮ್’ ಎಂದೇ ಹೆಸರಿಟ್ಟ. ಮುಂದೆ ಜಪಾನಿನಲ್ಲಿ ಸಭಾಂಗಣಗಳಲ್ಲೂ ಕ್ರೀಡಾಂಗಣಗಳಲ್ಲೂ ನೂರಾರು ಜನ ಒಟ್ಟಿಗೆ ಈ ಆಟ ಆಡಿದ್ದುಂಟು.

ಯೂರೋಪಿನಲ್ಲಿ ಇದಕ್ಕೆ ಬೇರು ಬಿಟ್ಟದ್ದು ಹಂಗೆರಿಯ ರಾಜಧಾನಿ ಬುಡಾಪೆಸ್ಟ್‌ನಲ್ಲಿ. ಅಲ್ಲಿ 2011ರಲ್ಲಿ ಅಟಿಲಾ ಗ್ಯುರ್ಕೋವಿಚ್ ಎಂಬಾತ ‘ಪ್ಯಾರಾಪಾರ್ಕ್’ ಎಂಬ ಎಸ್ಕೇಪ್ ರೂಮ್ ತೆರೆದ. ಆತನ ಹಿಂದೆ ಒಬ್ಬ ಮನಶ್ಶಾಸ್ತ್ರಜ್ಞನ ವಿಚಾರವಿತ್ತು. ಹಂಗೆರಿ ಮೂಲದ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಎಂಬ ಆ ವಿದ್ವಾಂಸ, ಮನುಷ್ಯ ಹೊತ್ತು ಹೋದದ್ದೇ ತಿಳಿಯದಂತೆ ಒಂದು ಕೆಲಸದಲ್ಲಿ ಮುಳುಗುವುದು ಯಾವಾಗ ಎಂದು ಅಭ್ಯಾಸ ಮಾಡಿದವನು. ಕೆಲಸ ತೀರ ಸುಲಭವಾದರೆ ಬೇಸರ, ತೀರ ಕಷ್ಟವಾದರೆ ಗಾಬರಿ. ಶಕ್ತಿಗೆ ತುಸು ಮೀರಿದ್ದು, ಆದರೂ ಕೈಗೆ ಎಟಕುವಂತಿದ್ದರೆ ಆಗ ತಲ್ಲೀನತೆ. ಒಳ್ಳೆಯ ಎಸ್ಕೇಪ್ ರೂಮ್ ಕಟ್ಟುವವರು ಈ ನಡುವಿನ ಹದವನ್ನೇ ಹುಡುಕುತ್ತಾರೆ.

2015ರಲ್ಲಿ ಕೆನಡಾದ ಪ್ರಾಧ್ಯಾಪಕ ಸ್ಕಾಟ್ ನಿಕಲ್ಸನ್ ಜಗತ್ತಿನ ಬೇರೆ ಬೇರೆ ದೇಶಗಳ 175 ಎಸ್ಕೇಪ್ ರೂಮ್ ಕೇಂದ್ರಗಳಿಂದ ಮಾಹಿತಿ ಕಲೆಹಾಕಿ ಸಮೀಕ್ಷೆಯೊಂದನ್ನು ಪ್ರಕಟಿಸಿದರು. ಎಂಟು ವರ್ಷಗಳಲ್ಲಿ ಒಂದು ಊರಿನ ಆಟ ಎಲ್ಲೆಲ್ಲಿ ಮುಟ್ಟಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಮುಂಬಯಿ, ಬೆಂಗಳೂರಿನಂಥ ನಮ್ಮ ದೊಡ್ಡ ನಗರಗಳಿಗೂ ಅದು ಕಾಲಿಟ್ಟಿತು.

ಒಳಗೆ ಏನಿರುತ್ತದೆ?

ಪ್ರತಿ ಕೋಣೆಗೂ ಒಂದು ಕಥೆ ಇರುತ್ತದೆ. ಕಾಣೆಯಾದ ವಿಜ್ಞಾನಿಯ ಪ್ರಯೋಗಶಾಲೆ, ಹಳೆಯ ಹಡಗು, ರಾಜನ ಖಜಾನೆ, ಪತ್ತೇದಾರನ ಕಚೇರಿ, ಹೀಗೆ ಏನಾದರೂ ಒಂದು. ಮೊದಲ ಸಲ ಹೋಗುವವರು ದೆವ್ವ ಭೂತದ ಕಥೆ ಬಿಟ್ಟು ಪತ್ತೇದಾರಿ ಅಥವಾ ನಿಧಿ ಶೋಧದ ಕಥೆ ಆರಿಸಿಕೊಳ್ಳುವುದು ಒಳ್ಳೆಯದು. ಹೆದರಿದ ಮನಸ್ಸಿಗೆ ಒಗಟು ಬಿಡಿಸಲು ಪುರಸತ್ತು ಇರುವುದಿಲ್ಲ.

ಒಳಗೆ ಬಿಡುವ ಮುನ್ನ ಆಟದ ಸೂತ್ರಧಾರ ನಿಯಮಗಳನ್ನು ಹೇಳುತ್ತಾನೆ. ಮೊಬೈಲ್ ಫೋನ್, ಚೀಲಗಳನ್ನು ಹೊರಗೇ ಇಡಿಸಿಕೊಳ್ಳುವುದು ವಾಡಿಕೆ. ಆಟ ಶುರುವಾದ ಮೇಲೆ ಆತ ಇನ್ನೊಂದು ಕೋಣೆಯಲ್ಲಿ ಕುಳಿತು ಕ್ಯಾಮೆರಾದಲ್ಲಿ ಎಲ್ಲವನ್ನೂ ನೋಡುತ್ತಿರುತ್ತಾನೆ. ತಂಡ ದಿಕ್ಕು ತೋಚದೆ ನಿಂತಾಗ ಸ್ಪೀಕರ್ ಮೂಲಕವೋ ಪರದೆಯ ಮೇಲೋ ಸುಳಿವು ಕೊಡುತ್ತಾನೆ. ಎಷ್ಟು ಸುಳಿವು ಸಿಗುತ್ತದೆ, ಕೇಳಿದರೆ ಸಮಯ ಕಡಿತವಾಗುತ್ತದೆಯೇ ಎಂಬುದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಬೀಗಗಳಲ್ಲಿ ಹಲವು ಜಾತಿ. ಸಾಮಾನ್ಯ ಕೀಲಿಕೈಯ ಬೀಗ, ಸೂಟ್‌ಕೇಸಿನಲ್ಲಿರುವಂತೆ ಅಂಕಿ ತಿರುಗಿಸುವ ಬೀಗ, ಅಂಕಿಯ ಬದಲು ಅಕ್ಷರ ಜೋಡಿಸುವ ಬೀಗ, ಮೇಲೆ ಕೆಳಗೆ ಎಡ ಬಲ ಎಂದು ಗುಂಡಿ ಸರಿಸುವ ದಿಕ್ಕಿನ ಬೀಗ. ಇವುಗಳ ಜೊತೆಗೆ ಕಣ್ಣಿಗೇ ಕಾಣದ ಬೀಗಗಳೂ ಉಂಟು. ನಾಲ್ಕು ಗೊಂಬೆಗಳನ್ನು ಸರಿಯಾದ ಜಾಗದಲ್ಲಿ ಇಟ್ಟ ಕೂಡಲೇ ಬೀರುವಿನ ಬಾಗಿಲು ತಾನಾಗಿ ತೆರೆದುಕೊಂಡರೆ ಅದು ಮಾಟವಲ್ಲ, ವಿದ್ಯುತ್ಕಾಂತದ ಕೆಲಸ. ತಂತಿಯ ಸುರುಳಿಯಲ್ಲಿ ವಿದ್ಯುತ್ ಹರಿಯುವ ತನಕ ಕಬ್ಬಿಣವನ್ನು ಹಿಡಿದಿಟ್ಟುಕೊಂಡಿದ್ದ ಕಾಂತ, ವಿದ್ಯುತ್ ನಿಂತೊಡನೆ ಬಿಟ್ಟುಬಿಡುತ್ತದೆ. ಹತ್ತನೇ ತರಗತಿಯ ಪಾಠ ಇಲ್ಲಿ ಬಾಗಿಲು ಕಾಯುತ್ತಿರುತ್ತದೆ! ನೇರಳಾತೀತ ಬೆಳಕಿನ ಟಾರ್ಚ್ ಬಿಟ್ಟಾಗ ಮಾತ್ರ ಹೊಳೆಯುವ ಬರಹ, ಕನ್ನಡಿಯಲ್ಲಿ ಮಾತ್ರ ಓದಲಾಗುವ ಚೀಟಿ, ಇವೂ ಸಾಮಾನ್ಯ.

ಒಗಟು ಯಾವುದೇ ಇರಲಿ, ದಾರಿ ಮೂರೇ ಹೆಜ್ಜೆಯದು. ಮೊದಲು ಕಾಣಬೇಕು, ಆಮೇಲೆ ಒಂದನ್ನು ಇನ್ನೊಂದಕ್ಕೆ ಹೊಂದಿಸಬೇಕು, ಕೊನೆಗೆ ಸಿಕ್ಕಿದ ಉತ್ತರ ಯಾವ ಬೀಗಕ್ಕೆ ಎಂದು ಗುರುತಿಸಬೇಕು. ಮೂರು ಚಿತ್ರಗಳಲ್ಲಿ ಮೂರು ಬಣ್ಣದ ಹಕ್ಕಿಗಳಿದ್ದು, ಬೀಗದ ಮೂರು ಚಕ್ರಗಳಿಗೂ ಅದೇ ಮೂರು ಬಣ್ಣ ಬಳಿದಿದ್ದರೆ, ಹಕ್ಕಿಗಳನ್ನು ಎಣಿಸುವುದಷ್ಟೇ ಬಾಕಿ. ಇಂಥ ಕೋಣೆಗಳಲ್ಲಿ ಹೊರಗಿನ ಪಾಂಡಿತ್ಯ ಬೇಕಾಗುವುದು ಬಹಳ ಅಪರೂಪ. ಬೇಕಾದುದೆಲ್ಲ ಕೋಣೆಯಲ್ಲೇ ಇರುತ್ತದೆ.

ಮೊದಲ ಸಲ ಹೋಗುವವರಿಗೆ

ಮೊದಲ ಹತ್ತು ನಿಮಿಷ ಹುಡುಕಾಟಕ್ಕೆ ಮೀಸಲು. ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿಯಬೇಕು. ಮೇಜಿನ ಅಡಿ, ಜಮಖಾನದ ಕೆಳಗೆ, ಗೋಡೆಯ ಪಟದ ಹಿಂದೆ, ತೂಗುಹಾಕಿದ ಕೋಟಿನ ಜೇಬು, ಪುಸ್ತಕದ ಹಾಳೆಗಳ ನಡುವೆ ನೋಡಬೇಕು. ಒಬ್ಬರು ನೋಡಿದ ಜಾಗವನ್ನು ಇನ್ನೊಬ್ಬರು ಮತ್ತೊಮ್ಮೆ ನೋಡುವುದು ವ್ಯರ್ಥವಲ್ಲ. ಒಂದೇ ಕಪಾಟಿನಲ್ಲಿ ಇಬ್ಬರ ಕಣ್ಣಿಗೆ ಬೇರೆ ಬೇರೆ ವಸ್ತು ಬೀಳುವುದುಂಟು. ಆದರೆ ಬಲ ಹಾಕಿ ಏನನ್ನೂ ಕೀಳಬಾರದು. ಎರಡು ಬೆರಳಿನಲ್ಲಿ ಅಲುಗದ್ದು ಆಟದ ಭಾಗವಲ್ಲ ಎಂದು ತಿಳಿದರೆ ಸಾಕು. ವಿದ್ಯುತ್ ಪ್ಲಗ್ಗು, ಸ್ವಿಚ್ಚುಗಳ ತಂಟೆಗೆ ಹೋಗುವುದಂತೂ ಬೇಡವೇ ಬೇಡ.

ಸಿಕ್ಕಿದ್ದನ್ನೆಲ್ಲ ಒಂದು ಮೇಜಿನ ಮೇಲೆ ಇಡಬೇಕು. ಜೇಬಿನಲ್ಲಿ ಇಟ್ಟುಕೊಳ್ಳುವುದು ದೊಡ್ಡ ತಪ್ಪು. ಒಬ್ಬನ ಜೇಬಿನಲ್ಲಿರುವ ಚೀಟಿಗೂ ಇನ್ನೊಬ್ಬಳ ಮುಂದಿರುವ ಬೀಗಕ್ಕೂ ಸಂಬಂಧವಿದ್ದರೆ ಅದು ಯಾರಿಗೆ ಗೊತ್ತಾಗಬೇಕು? ಬಳಸಿ ಮುಗಿದ ಕೀಲಿಕೈ, ಚೀಟಿಗಳನ್ನು ಬೇರೆಯೇ ಒಂದು ಕಡೆ ಗುಡ್ಡೆ ಹಾಕಬೇಕು. ಒಮ್ಮೆ ಬಳಸಿದ ಕೀಲಿ ಸಾಮಾನ್ಯವಾಗಿ ಮತ್ತೆ ಬೇಕಾಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಬಾಯಿಬಿಟ್ಟು ಹೇಳುವುದು. “ಇಲ್ಲೊಂದು ಐದಂಕಿಯ ಬೀಗ ಇದೆ”, “ನನಗೆ ನಾಲ್ಕು ಬಣ್ಣದ ದಾರ ಸಿಕ್ಕಿತು”, “ಈ ಗಡಿಯಾರ ನಿಂತುಹೋಗಿದೆ, ಮೂರೂ ಹತ್ತು ತೋರಿಸುತ್ತಿದೆ” ಎಂದು ಕೂಗಿ ಹೇಳುತ್ತಲೇ ಇರಬೇಕು. ಹೇಳುವವರಿಗೆ ಅದು ಕೆಲಸಕ್ಕೆ ಬಾರದ್ದು ಎನಿಸಬಹುದು. ಕೋಣೆಯ ಆಚೆ ತುದಿಯಲ್ಲಿರುವವರು ಕಾಯುತ್ತಿದ್ದುದು ಆ ಮೂರೂ ಹತ್ತಕ್ಕೇ ಇರಬಹುದು.

ಒಂದೇ ಒಗಟಿನ ಮುಂದೆ ಐದು ನಿಮಿಷ ಕಳೆದರೂ ಏನೂ ಹೊಳೆಯದಿದ್ದರೆ ಅದನ್ನು ಇನ್ನೊಬ್ಬರ ಕೈಗೆ ಕೊಟ್ಟು ಎದ್ದುಬಿಡಬೇಕು. ಹೊಸ ಕಣ್ಣಿಗೆ ಹೊಸದು ಕಾಣುತ್ತದೆ. ಇಡೀ ತಂಡವೇ ಹತ್ತು ನಿಮಿಷ ಮುಂದೆ ಸಾಗದಿದ್ದರೆ ಸುಳಿವು ಕೇಳಲು ನಾಚಿಕೆಪಡಬೇಕಾಗಿಲ್ಲ. ಸುಳಿವು ಆಟದ ಅಂಗವೇ. ಅದನ್ನು ಕೇಳದೆ ಗಂಟೆಯೆಲ್ಲ ಕೊರಗಿ ಹೊರಬಂದರೆ ಮುಕ್ಕಾಲು ಆಟ ನೋಡಿದಂತೆಯೇ ಆಗಲಿಲ್ಲ.

ಬೀಗದ ಲೆಕ್ಕ

ಒಗಟು ಬಿಡಿಸುವುದೇಕೆ, ಒಂದೊಂದೇ ಅಂಕಿ ತಿರುಗಿಸಿ ನೋಡಿದರಾಯಿತಲ್ಲ ಎಂಬ ಯೋಚನೆ ಯಾರಿಗಾದರೂ ಬರುವಂಥದೇ. ಲೆಕ್ಕ ಹಾಕಿ ನೋಡೋಣವೇ? ಮೂರಂಕಿಯ ಬೀಗದಲ್ಲಿ 000ದಿಂದ 999ರ ತನಕ 1,000 ಸಾಧ್ಯತೆಗಳು. ಒಂದಕ್ಕೆ ಐದು ಸೆಕೆಂಡಿನಂತೆ 5,000 ಸೆಕೆಂಡು, ಅಂದರೆ 83 ನಿಮಿಷ. ಆಟವಿರುವುದೇ 60 ನಿಮಿಷ! ನಾಲ್ಕಂಕಿಯ ಬೀಗಕ್ಕೆ 10,000 ಸಾಧ್ಯತೆಗಳು, ಹೆಚ್ಚುಕಡಿಮೆ 14 ಗಂಟೆಯ ಕೆಲಸ.

ಆದರೆ ಅದೇ ನಾಲ್ಕಂಕಿಯ ಬೀಗದಲ್ಲಿ ಮೂರು ಅಂಕಿ ಗೊತ್ತಾಗಿ ಕೊನೆಯದೊಂದು ಮಾತ್ರ ಸಿಗದಿದ್ದರೆ? ಉಳಿಯುವುದು ಹತ್ತೇ ಸಾಧ್ಯತೆ, ಒಂದು ನಿಮಿಷವೂ ಬೇಡ. ನಾಲ್ಕು ಬೇರೆ ಬೇರೆ ಅಂಕಿಗಳು ಗೊತ್ತಿದ್ದು ಅವುಗಳ ಅನುಕ್ರಮ ತಿಳಿಯದಿದ್ದರೆ? 4 × 3 × 2 × 1, ಒಟ್ಟು 24 ಬಗೆ. ಎರಡು ನಿಮಿಷದಲ್ಲಿ ಮುಗಿಯುತ್ತದೆ. ಕ್ರಮಯೋಜನೆ ಮತ್ತು ವಿಕಲ್ಪ ಎಂಬ ಅಧ್ಯಾಯ ಓದುವಾಗ “ಇದರಿಂದ ಏನು ಪ್ರಯೋಜನ?” ಎಂದು ಮುಖ ಸಿಂಡರಿಸಿದ ವಿದ್ಯಾರ್ಥಿಗಳಿಗೆ ಇಲ್ಲಿ ಉತ್ತರ ಸಿಗುತ್ತದೆ. ಯಾವಾಗ ಒಗಟು ಬಿಡಿಸಬೇಕು, ಯಾವಾಗ ಬೀಗವನ್ನೇ ತಿರುಗಿಸಿ ನೋಡಬೇಕು ಎಂಬ ತೀರ್ಮಾನ ಈ ಲೆಕ್ಕದ ಮೇಲೆ ನಿಂತಿದೆ.

ಮೆಲ್ಲಗೆ ಹೇಳಿದ ಮಾತು

ಶಾಲೆಯಲ್ಲಿ ಮಕ್ಕಳು ಹತ್ತು ಹನ್ನೆರಡು ವರ್ಷ ಒಂದು ಪಾಠವನ್ನು ತಪ್ಪದೆ ಕಲಿಯುತ್ತಾರೆ: ಉತ್ತರ ಪತ್ರಿಕೆಯನ್ನು ಪಕ್ಕದವರಿಗೆ ತೋರಿಸಬಾರದು. ಪರೀಕ್ಷೆಗೆ ಅದು ಸರಿಯೇ. ಆದರೆ ಆ ಅಭ್ಯಾಸವನ್ನೇ ಈ ಕೋಣೆಯೊಳಕ್ಕೂ ತಂದರೆ ತಂಡ ಮುಳುಗಿದಂತೆಯೇ. ತನಗೆ ಪೂರ್ತಿ ಉತ್ತರ ಸಿಕ್ಕಿದ ಮೇಲೆಯೇ ಹೇಳುತ್ತೇನೆ ಎಂದು ಅರ್ಧ ಉತ್ತರವನ್ನು ಒಳಗೇ ಇಟ್ಟುಕೊಂಡು ಕೂರುವ ಜಾಣರು ಇಲ್ಲಿ ತಂಡಕ್ಕೆ ಭಾರ. ಉಳಿದರ್ಧ ಪಕ್ಕದವರ ಬಳಿ ಇರುತ್ತದೆ ಎಂಬುದು ಅವರಿಗೆ ಹೊಳೆಯುವುದೇ ಇಲ್ಲ.

ಇನ್ನೊಂದು ತೊಂದರೆ ಇದಕ್ಕಿಂತ ಸೂಕ್ಷ್ಮವಾದದ್ದು. ಹೆಚ್ಚು ಮಾತಾಡದ ಹುಡುಗಿಯೊಬ್ಬಳು ಗೋಡೆಯ ನಕ್ಷೆ ನೋಡಿ “ಇದರಲ್ಲಿ ಒಂದು ನದಿ ತಲೆಕೆಳಗಾಗಿದೆ” ಎಂದು ಮೆಲ್ಲಗೆ ಹೇಳುತ್ತಾಳೆ. ಗದ್ದಲದಲ್ಲಿ ಯಾರೂ ಕೇಳಿಸಿಕೊಳ್ಳುವುದಿಲ್ಲ. ಆಕೆ ಎರಡನೇ ಸಲ ಹೇಳುವುದಿಲ್ಲ. ಇಪ್ಪತ್ತು ನಿಮಿಷದ ಮೇಲೆ ಅದೇ ನದಿಯನ್ನು ದೊಡ್ಡ ದನಿಯವನೊಬ್ಬ ‘ಕಂಡುಹಿಡಿಯುತ್ತಾನೆ’. ಅಷ್ಟರಲ್ಲಿ ಗಡಿಯಾರ ಸೊನ್ನೆಗೆ ಹತ್ತಿರವಾಗಿರುತ್ತದೆ. ಇಂಥ ಸಂಗತಿ ಕೋಣೆಯ ಹೊರಗೂ, ತರಗತಿಯಲ್ಲೂ, ಊಟದ ಮನೆಯಲ್ಲೂ ದಿನಾ ನಡೆಯುತ್ತದೆ. ಅಲ್ಲಿ ಅದರ ಬೆಲೆ ಎಷ್ಟೆಂದು ತೋರಿಸುವ ಗಡಿಯಾರವಿಲ್ಲ, ಅಷ್ಟೇ ವ್ಯತ್ಯಾಸ.

ಇದಕ್ಕೊಂದು ಸುಲಭ ಪರಿಹಾರವಿದೆ. ಹದಿನೈದು ನಿಮಿಷಕ್ಕೊಮ್ಮೆ ಎಲ್ಲರೂ ಅರ್ಧ ನಿಮಿಷ ಕೈಕೆಲಸ ನಿಲ್ಲಿಸಿ, ಒಬ್ಬೊಬ್ಬರಾಗಿ “ನನಗೆ ಕಂಡದ್ದು ಇದು” ಎಂದು ಹೇಳುವುದು. ಅರ್ಧ ನಿಮಿಷ ಹೋಯಿತೆಂದು ಮರುಗಬೇಕಾಗಿಲ್ಲ, ಅದು ಬಡ್ಡಿ ಸಮೇತ ವಾಪಸು ಬರುತ್ತದೆ.

ಮಕ್ಕಳ ಜೊತೆ ಹೋಗುವ ತಂದೆತಾಯಂದಿರು ನೆನಪಿಡಬೇಕಾದದ್ದು ಇದನ್ನೇ. ಮನೆಯ ಯಜಮಾನಿಕೆಯನ್ನು ಮೊಬೈಲಿನ ಜೊತೆ ಹೊರಗೇ ಇಟ್ಟು ಬರುವುದು ಮೇಲು. “ನಿನಗೆ ಗೊತ್ತಾಗಲ್ಲ, ಸುಮ್ಮನಿರು” ಎಂಬ ಮಾತು ಒಮ್ಮೆ ಬಿತ್ತೆಂದರೆ ಮಗು ಗಂಟೆಯ ಕೊನೆಯವರೆಗೂ ಬಾಯಿ ತೆರೆಯುವುದಿಲ್ಲ. ಎಂಟು ವರ್ಷದ ಮಗುವಿನ ಕಣ್ಣು ದೊಡ್ಡವರ ಕಣ್ಣಿಗಿಂತ ಕೆಳಗಿನ ಮಟ್ಟದಲ್ಲಿರುತ್ತದೆ. ದೊಡ್ಡವರಿಗೆ ಕಾಣದ, ಮೇಜಿನ ಅಡಿಗೆ ಅಂಟಿಸಿದ ಚೀಟಿ ಮೊದಲು ಕಾಣುವುದು ಆ ಮಗುವಿಗೇ.

ಸೋಲಿನ ಬಗ್ಗೆಯೂ ಒಂದು ಮಾತು. ನಿಕಲ್ಸನ್ನರ ಸಮೀಕ್ಷೆಯ ಪ್ರಕಾರ ಸಮಯದೊಳಗೆ ಪಾರಾಗುತ್ತಿದ್ದ ತಂಡಗಳು ಸರಾಸರಿ ನೂರಕ್ಕೆ ಸುಮಾರು 40 ಮಾತ್ರ. ಅಂದರೆ ಅರ್ಧಕ್ಕಿಂತ ಹೆಚ್ಚು ತಂಡಗಳಿಗೆ ಸೋಲೇ ಗತಿ. ಎಸ್ಸೆಸ್ಸೆಲ್ಸಿಯಲ್ಲಿ ತೊಂಬತ್ತೈದು ಬಂದರೂ “ಉಳಿದ ಐದು ಎಲ್ಲಿ ಹೋಯಿತು?” ಎಂದು ಕೇಳುವ ಮನೆಗಳಲ್ಲಿ ಬೆಳೆದ ಮಕ್ಕಳಿಗೆ, ಅಪ್ಪ ಅಮ್ಮನ ಜೊತೆಗೇ ಸೋತು, ನಕ್ಕು, ಮಸಾಲೆ ದೋಸೆ ತಿಂದು ಮನೆಗೆ ಬರುವ ಒಂದು ಸಂಜೆ ಸಿಕ್ಕಿದರೆ ಅದೇನೂ ಸಣ್ಣ ಲಾಭವಲ್ಲ.

ಮೊದಲು ಬಾಗಿಲು ನೋಡಿ

ಇಷ್ಟೆಲ್ಲ ಹೇಳಿದ ಮೇಲೆ, ಟಿಕೆಟ್ ಕೊಳ್ಳುವ ಮೊದಲೇ ಹೇಳಬೇಕಾದ ಮಾತೊಂದಿದೆ. ತಂದೆತಾಯಂದಿರು ಇದನ್ನು ಎರಡು ಸಲ ಓದಬೇಕು.

2019ರ ಜನವರಿ 4ರಂದು ಪೋಲೆಂಡಿನ ಕೊಷಾಲಿನ್ ಎಂಬ ಊರಿನಲ್ಲಿ 15 ವರ್ಷದ ಐವರು ಗೆಳತಿಯರು ಹುಟ್ಟುಹಬ್ಬ ಆಚರಿಸಲೆಂದು ಎಸ್ಕೇಪ್ ರೂಮಿಗೆ ಹೋದರು. ಕಟ್ಟಡವನ್ನು ಬೆಚ್ಚಗಿಡುವ ಗ್ಯಾಸ್ ಹೀಟರಿನ ಕಡೆಯಿಂದ ಬೆಂಕಿ ಹೊತ್ತಿತು. ಹುಡುಗಿಯರಿದ್ದ ಕೋಣೆಯ ಬಾಗಿಲು ಮುಚ್ಚಿತ್ತು, ತುರ್ತಾಗಿ ಹೊರಬರುವ ಬೇರೆ ದಾರಿ ಇರಲಿಲ್ಲ. ಬೆಂಕಿಯ ಉರಿ ತಾಗುವ ಮೊದಲೇ ಹೊಗೆಯಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ಐವರನ್ನೂ ಬಲಿ ತೆಗೆದುಕೊಂಡಿತು. ಅಲ್ಲಿದ್ದ ಒಬ್ಬ ಕೆಲಸಗಾರನೂ ಸುಟ್ಟಗಾಯಗಳಿಂದ ನರಳಿದ. ಆ ಬಳಿಕ ಪೋಲೆಂಡ್ ಸರ್ಕಾರ ದೇಶದ ಇಂಥ ಕೇಂದ್ರಗಳ ತಪಾಸಣೆ ನಡೆಸಿ ಲೋಪ ಕಂಡ ಹಲವನ್ನು ಮುಚ್ಚಿಸಿತು.

ದೂರದ ದೇಶದ ಮಾತೆಂದು ತಳ್ಳಿಹಾಕುವಂತಿಲ್ಲ. 2024ರ ಮೇ 25ರಂದು ಗುಜರಾತಿನ ರಾಜಕೋಟೆಯ ಮಕ್ಕಳ ಆಟದ ಕೇಂದ್ರವೊಂದರಲ್ಲಿ ಬೆಂಕಿ ಬಿದ್ದು 25ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಅದು ಎಸ್ಕೇಪ್ ರೂಮ್ ಆಗಿರಲಿಲ್ಲ. ಆದರೆ ಅಗ್ನಿಶಾಮಕ ಇಲಾಖೆಯ ಅನುಮತಿ ಪತ್ರವಿಲ್ಲದೆ ಅದು ನಡೆಯುತ್ತಿತ್ತು ಎಂಬ ಸಂಗತಿ ಬೆಂಕಿ ಆರಿದ ಮೇಲೆ ಹೊರಬಂತು.

ಅರಗಿನ ಮನೆಯ ಕಥೆ ನಮ್ಮ ಮಕ್ಕಳಿಗೆ ಗೊತ್ತು. ವಿದುರ ಗೂಢವಾದ ಮಾತಿನಲ್ಲಿ ಧರ್ಮರಾಯನಿಗೆ ಸುಳಿವು ಕೊಟ್ಟ. ಧರ್ಮರಾಯ ಅದನ್ನು ಬಿಡಿಸಿಕೊಂಡ. ವಿದುರ ಕಳಿಸಿದ ಆಳು ಬಂದು ಸುರಂಗ ತೋಡಿದ. ಮನೆಗೆ ಬೆಂಕಿ ಬೀಳುವ ಬಹಳ ಮೊದಲೇ ಹೊರಗೆ ಹೋಗುವ ದಾರಿ ಸಿದ್ಧವಾಗಿತ್ತು. ಪಾಂಡವರು ಕುಂತಿಯೊಡನೆ ಬದುಕಿ ಬಂದದ್ದು ಅದರಿಂದಲೇ.

ಹಾಗಾದರೆ ಏನನ್ನು ಕೇಳಬೇಕು? “ಬಾಗಿಲಿಗೆ ನಿಜವಾಗಿ ಬೀಗ ಹಾಕುತ್ತೀರಾ?” ಎಂಬುದೇ ಮೊದಲ ಪ್ರಶ್ನೆ. ಜವಾಬ್ದಾರಿಯುಳ್ಳ ಕೇಂದ್ರಗಳಲ್ಲಿ ಒಳಬಂದ ಬಾಗಿಲಿಗೆ ಬೀಗವೇ ಇರುವುದಿಲ್ಲ. ಅಥವಾ ಒಳಗಿನಿಂದಲೇ ತೆರೆಯಲು ಬಾಗಿಲ ಪಕ್ಕದಲ್ಲಿ ಎದ್ದು ಕಾಣುವ ಗುಂಡಿ ಇರುತ್ತದೆ. ಬೀಗ ತೆರೆಯುವುದು ಆಟದ ಕಥೆ. ಆಟಗಾರ ಬೇಕೆಂದಾಗ ಹೊರಬರುವುದು ಅವನ ಹಕ್ಕು. ಬಾಗಿಲಿಗೆ ವಿದ್ಯುತ್ಕಾಂತದ ಬೀಗವಿದ್ದರೆ ವಿದ್ಯುತ್ ಹೋದಾಗ ಅದು ತಾನಾಗಿ ತೆರೆದುಕೊಳ್ಳುತ್ತದೆಯೇ ಎಂದು ಕೇಳಬೇಕು. ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿದೆ, ಅದರ ಮೇಲಿನ ದಿನಾಂಕ ಮುಗಿದಿಲ್ಲವಷ್ಟೆ? ಎರಡನೇ ಮೆಟ್ಟಿಲ ದಾರಿ ಇದೆಯೇ, ಅದರಲ್ಲಿ ಹಳೆಯ ಕುರ್ಚಿ ಪೆಟ್ಟಿಗೆಗಳನ್ನು ತುಂಬಿಲ್ಲವೇ? ಆಟ ಮುಗಿಯುವ ತನಕ ಕ್ಯಾಮೆರಾ ಮುಂದೆ ಒಬ್ಬರು ಕುಳಿತೇ ಇರುತ್ತಾರೆಯೇ?

ಮಕ್ಕಳ ಆರೋಗ್ಯದ ಕಡೆಗೂ ಗಮನ ಬೇಕು. ಅಸ್ತಮಾ ಇರುವವರಿಗೆ ಕೃತಕ ಹೊಗೆ ಬಿಡುವ ಕೋಣೆ, ಮೂರ್ಛೆರೋಗವಿರುವವರಿಗೆ ಮಿಣುಕು ದೀಪಗಳ ಕೋಣೆ ಒಗ್ಗುವುದಿಲ್ಲ. ಮುಚ್ಚಿದ ಜಾಗವೆಂದರೆ ಭಯಪಡುವ ಮಗುವನ್ನು “ಧೈರ್ಯ ಬರಲಿ” ಎಂದು ಬಲವಂತವಾಗಿ ದಬ್ಬುವುದು ತಪ್ಪು. ಕೆಲವು ಆಟಗಳಲ್ಲಿ ಕೈಗೆ ಕೋಳ ತೊಡಿಸುವುದುಂಟು, ಮಕ್ಕಳಿಗೆ ಅದು ಬೇಡ.

ಈ ಪ್ರಶ್ನೆಗಳಿಗೆ ನಗುಮುಖದಿಂದ ಉತ್ತರಿಸಿ, ಬಾಗಿಲು ತೆರೆದು ತೋರಿಸುವ ಕೇಂದ್ರಕ್ಕೆ ನಿಶ್ಚಿಂತೆಯಿಂದ ಹೋಗಬಹುದು. “ಅದೆಲ್ಲ ಏನೂ ಆಗಲ್ಲ ಸಾರ್” ಎನ್ನುವ ಕಡೆಯಿಂದ ಹಿಂದಿರುಗುವುದೇ ಬುದ್ಧಿವಂತಿಕೆ.

ಮನೆಯಲ್ಲೇ ಒಂದು ವ್ಯೂಹ

ಎಸ್ಕೇಪ್ ರೂಮ್ ಎಲ್ಲ ಊರುಗಳಲ್ಲೂ ಇಲ್ಲ. ಟಿಕೆಟ್ಟಿನ ದರವೂ ಎಲ್ಲರ ಕೈಗೆಟಕುವುದಿಲ್ಲ. ಹಾಗೆಂದು ಬೇಸರಪಡಬೇಕಾಗಿಲ್ಲ. ಅಟ್ಟದ ಮೇಲಿನ ಹಳೆಯ ಟ್ರಂಕು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ನಾಲ್ಕಂಕಿಯ ಬೀಗ ಒಂದು, ಕಾಗದ, ಪೆನ್ಸಿಲು ಇದ್ದರೆ ಭಾನುವಾರ ಮಧ್ಯಾಹ್ನ ಮನೆಯಲ್ಲೇ ಆಟ ಹೂಡಬಹುದು. ಇಲ್ಲಿ ಕೋಣೆಯ ಬಾಗಿಲು ಮುಚ್ಚುವ ಅಗತ್ಯವೇ ಇಲ್ಲ, ಬೀಗ ಬೀಳುವುದು ಟ್ರಂಕಿಗೆ ಮಾತ್ರ.

ಮಾದರಿಗೆ ಒಂದು. ಬಟ್ಟೆ ಒಗೆಯುವ ಸೋಪಿನ ಗಟ್ಟಿ ನೀರಿನಲ್ಲಿ ಹತ್ತಿಯ ಕಡ್ಡಿ ಅದ್ದಿ ಬಿಳಿ ಹಾಳೆಯ ಮೇಲೆ ‘ಮಾಯಾಮಾಳವಗೌಳ’, ಅದರ ಕೆಳಗೆ ‘ಮೇಚಕಲ್ಯಾಣಿ’ ಎಂದು ಬರೆದು ಒಣಗಿಸಬೇಕು. ಹಾಳೆ ಬರಿದಾಗಿ ಕಾಣುತ್ತದೆ. ಪಕ್ಕದಲ್ಲಿ ಒಂದು ಬಟ್ಟಲು ಅರಿಶಿನದ ನೀರು. ಮಕ್ಕಳು ಅದನ್ನು ಹಾಳೆಗೆ ಸವರಿದರೆ ಹಳದಿಯ ನಡುವೆ ಅಕ್ಷರಗಳು ಕೆಂಪಗೆ ಮೂಡುತ್ತವೆ. ಪ್ರತ್ಯಾಮ್ಲ ತಗುಲಿದರೆ ಅರಿಶಿನ ಕೆಂಪಾಗುತ್ತದೆ, ಸೋಪಿನಲ್ಲಿರುವುದು ಅದೇ. ಆರತಿಯ ಓಕುಳಿಗೆ ಅರಿಶಿನ, ಸುಣ್ಣ ಕಲೆಸುವ ಅಜ್ಜಿಗೆ ಇದು ಹೊಸ ವಿಷಯವೇನಲ್ಲ.

ಇನ್ನು ಆ ಎರಡು ಹೆಸರುಗಳಿಂದ ಬೀಗದ ಸಂಖ್ಯೆ ಬರುವುದು ಹೇಗೆ? ಅದಕ್ಕೆ ನಮ್ಮ ಹಿರಿಯರ ಕಟಪಯಾದಿ ಪದ್ಧತಿ ಇದೆ. ಕ ಒಂದು, ಖ ಎರಡು ಎಂದು ಎಣಿಸುತ್ತಾ ಹೋಗಿ, ಟ, ಪ, ಯ ಬಂದಾಗ ಮತ್ತೆ ಒಂದರಿಂದ ಶುರುಮಾಡುವ ಲೆಕ್ಕ ಅದು. ಹೆಸರಿನ ಮೊದಲೆರಡು ಅಕ್ಷರಗಳ ಅಂಕಿ ಬರೆದು ತಿರುಗಿಸಿದರೆ ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳಲ್ಲಿ ಅದು ಎಷ್ಟನೆಯದು ಎಂದು ತಿಳಿಯುತ್ತದೆ. ಮಾ ಐದು, ಯಾ ಒಂದು, ತಿರುಗಿಸಿದರೆ 15. ಮೇ ಐದು, ಚ ಆರು, ತಿರುಗಿಸಿದರೆ 65. ಪದ್ಧತಿಯ ವಿವರವನ್ನು ಒಂದು ಚೀಟಿಯಲ್ಲಿ ಬರೆದು ಸಂಗೀತದ ಪುಸ್ತಕದೊಳಗೆ ಅಡಗಿಸಬಹುದು. ಬೀಗ ತೆರೆಯುವ ಸಂಖ್ಯೆ 1565.

ಈ ಸಂಖ್ಯೆ ಎಲ್ಲೋ ಕೇಳಿದಂತಿದೆಯಲ್ಲ! ವಿಜಯನಗರದ ಭಾಗ್ಯ ಮುಳುಗಿದ ತಾಳೀಕೋಟೆ ಯುದ್ಧದ ವರ್ಷ ಅದು. ಹಂಪೆಯ ಚಿತ್ರವೊಂದನ್ನು ಗೋಡೆಗೆ ಅಂಟಿಸಿಟ್ಟರೆ ಅದೇ ಬೀಗಕ್ಕೆ ಎರಡನೇ ದಾರಿಯೂ ತೆರೆದಂತಾಯಿತು. ಸಂಗೀತ ಕಲಿಯುವ ಅಕ್ಕ 15 ತರುತ್ತಾಳೆ, 65ರ ಮುಂದೆ ತಡವರಿಸುತ್ತಾಳೆ. ಇತಿಹಾಸದ ಪಾಠ ಓದಿದ ತಮ್ಮ ಹದಿನೈದು ಎಂಬುದನ್ನು ಕೇಳಿಸಿಕೊಂಡು, ಚಿತ್ರ ನೋಡಿ ಉಳಿದದ್ದನ್ನು ಹೇಳುತ್ತಾನೆ. ಅಕ್ಕ ಬಾಯಿಬಿಟ್ಟು ಹೇಳದೆ ಇದ್ದಿದ್ದರೆ ಟ್ರಂಕಿನೊಳಗಿನ ಕೊಬ್ಬರಿ ಮಿಠಾಯಿ ಅಲ್ಲೇ ಉಳಿಯುತ್ತಿತ್ತು.

ಶಾಲೆಯಲ್ಲೂ ಇದನ್ನು ನಡೆಸಬಹುದು. ಒಂದು ತರಗತಿಯನ್ನು ಐದೈದು ಜನರ ತಂಡ ಮಾಡಿ, ಒಂದೊಂದು ಒಗಟಿಗೆ ಒಂದೊಂದು ವಿಷಯದ ಪಾಠ ಬೇಕಾಗುವಂತೆ ಹೆಣೆದರೆ, ಗಣಿತದವರು ಕನ್ನಡದವರನ್ನೂ ಭೂಗೋಳದವರು ಚಿತ್ರಕಲೆಯವರನ್ನೂ ಕೇಳಲೇಬೇಕಾಗುತ್ತದೆ. ಇದಕ್ಕಿಂತ ಚೆನ್ನಾದ ಕೆಲಸವೆಂದರೆ ಮಕ್ಕಳ ಕೈಯಲ್ಲೇ ಒಗಟು ಹೆಣೆಸುವುದು. ಬಿಡಿಸುವುದಕ್ಕೆ ಒಂದು ಗಂಟೆ ಸಾಕು. ಹೆಣೆಯುವುದಕ್ಕೆ, ಎದುರಿನವರಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ವಾರವೆಲ್ಲ ಯೋಚಿಸಬೇಕಾಗುತ್ತದೆ.

ಆಟ ಮುಗಿದ ಮೇಲೆ ಗೆದ್ದವರೂ ಸೋತವರೂ ಐದು ನಿಮಿಷ ಅಲ್ಲೇ ನಿಂತು, ಬಿಡಿಸಲಾಗದೆ ಉಳಿದ ಒಗಟುಗಳ ಉತ್ತರವನ್ನು ಸೂತ್ರಧಾರನಿಂದ ಕೇಳಿ ತಿಳಿದುಕೊಳ್ಳುವುದು ರೂಢಿ. ಯಾರಿಗೆ ಯಾವುದು ಮೊದಲು ಕಂಡಿತ್ತು, ಯಾರ ಮಾತು ಯಾರಿಗೆ ಕೇಳಿಸಲಿಲ್ಲ ಎಂಬುದು ಬೆಳಕಿಗೆ ಬರುವುದು ಆಗಲೇ. ಇನ್ನೊಂದು ರೂಢಿಯೂ ಇದೆ. ಆ ಕೋಣೆಯ ಉತ್ತರಗಳನ್ನು ಮುಂದೆ ಹೋಗುವವರಿಗೆ ಹೇಳಬಾರದು. ಒಳಗಿದ್ದಷ್ಟು ಹೊತ್ತು ಏನನ್ನೂ ಬಚ್ಚಿಡಬಾರದು, ಹೊರಗೆ ಬಂದ ಮೇಲೆ ಏನನ್ನೂ ಬಿಟ್ಟುಕೊಡಬಾರದು. ಮನೆಯ ಟ್ರಂಕಿನ ಆಟಕ್ಕೂ ಇದೇ ನಿಯಮ. ಮುಂದಿನ ಭಾನುವಾರ ಪಕ್ಕದ ಮನೆಯ ಮಕ್ಕಳೂ ಅದೇ ಟ್ರಂಕಿನ ಮುಂದೆ ಕೂರುವವರಿದ್ದಾರೆ.